ಸಾಹೇಬರು ಕೊಡದ ರಜೆ

ತಾನು ಬಸುರಿ ಎಂಬ ಸುದ್ದಿ ತಿಳಿದ ದಿನದಿಂದ ಪ್ರಣಿತಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೊಲ್ಲಾಪುರದ ಗಂಡನ ಮನೆಯಿಂದ ಅಕ್ಕಲಕೋಟೆಯ ಒಂದು ಸರಕಾರಿ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತೆ ಅವಳು. ಕಚೇರಿ ಮಂದಿಯ ರಜೆ ಅರ್ಜಿಗೆಲ್ಲ ಠಸ್ಸೆ ಹೊಡೆದ ಕೈ, ತನ್ನದೇ ಹೆರಿಗೆ ರಜೆಗೆ ಅರ್ಜಿ ಬರೆಯುವಾಗ ಕುಣಿಯದೆ ಇರುತ್ತದೆಯೇ? ಹೆರಿಗೆಯ ದಿನಾಂಕದ ಜಾಗದಲ್ಲಿ ತಾನು ಹುಟ್ಟಿದ ದಿನ ಬರೆದು, ಹರಿದು, ಒಬ್ಬಳೇ ನಕ್ಕು, ಮತ್ತೆ ಬರೆದಳು.

ಸರಕಾರ ಕೊಡುವುದು ಆರು ತಿಂಗಳು. ಅದರಲ್ಲಿ ಒಂದು ವಾರವನ್ನೂ ಹೆರಿಗೆಗೆ ಮುಂಚೆ ಸುಮ್ಮನೆ ಮಲಗಿ ಕಳೆಯಲು ಅವಳಿಗೆ ಮನಸ್ಸಿರಲಿಲ್ಲ. ಹೊಟ್ಟೆಯಲ್ಲಿದ್ದಾಗ ಕೂಸು ಕಚೇರಿಗೂ ಜೊತೆಗೇ ಬರುತ್ತದೆ. ಅದರ ಹತ್ತಿರ ಇರಬೇಕಾದದ್ದು ಹೊರಗೆ ಬಂದ ಮೇಲೆ ತಾನೇ! ಡಾಕ್ಟರು ಅಡ್ಡಿಯಿಲ್ಲ ಎಂದರು. ಗಂಡ ಅಮೋಲ ತಲೆಯಾಡಿಸಿದ. ಅತ್ತೆ ರತ್ನಾಬಾಯಿ ತಮ್ಮ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಆಗಲಿ ಎಂದರು. ರಜೆ ಒಂಬತ್ತು ತಿಂಗಳು ತುಂಬುವಾಗ ಶುರುವಾಗಲಿ ಎಂದು ಬರೆದು ಕೊಟ್ಟಳು. ಕಚೇರಿಯ ಮುಖ್ಯಸ್ಥರಾದ ಕೈಲಾಸ ಸಾಹೇಬರು ಅಂದೇ ಸಹಿ ಹಾಕಿದರು.

ಉಳಿದವಳು ಅವ್ವ. ಚೊಚ್ಚಲ ಬಸುರಿ ಮಗಳಿಗೆ ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ತವರಿಗೆ ಕರೆದೊಯ್ಯದಿದ್ದರೆ ನಾಗಣಸೂರಿನ ಶಾರದಾಬಾಯಿಗೆ ತುತ್ತು ಇಳಿಯದು. ತವರಿಗೆ ಬಂದ ಬಸುರಿ ಅತ್ತಲ ಕಡ್ಡಿ ಇತ್ತ ಎತ್ತಿಡಬಾರದು, ಇನ್ನು ಕೆಲಸಕ್ಕೆ ಹೋಗುವ ಮಾತೆಲ್ಲಿ? ಶಾರದಾಬಾಯಿಗೆ ಎದುರಾಡುವುದಕ್ಕಿಂತ ತುಂಬಿದ ಭೀಮಾ ನದಿಗೆ ಅಡ್ಡ ನಿಲ್ಲುವುದು ಸುಲಭ. ಕುಬಸದ ದಿನ ಹಸಿರು ಬಳೆ ತೊಟ್ಟು ಕೂತಿದ್ದ ಪ್ರಣಿತಾಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಸಾಹೇಬ್ರು ಈಗ ರಜಾ ಕೊಡಾಕ ಒಲ್ಲರು ಬೇ," ಅಂದುಬಿಟ್ಟಳು.

"ಯಾಕ ಒಲ್ಲರು? ಅವ್ರನ್ನ ಅವ್ರವ್ವ ಹಡದಿಲ್ಲೇನು?" ಎಂದಳು ಶಾರದಾಬಾಯಿ.

ಮಾತು ಅಲ್ಲಿಗೇ ಮುಗಿಯಿತೆಂದು ಪ್ರಣಿತಾ ತಿಳಿದದ್ದು ಶುದ್ಧ ಹುಚ್ಚು. ಸೋಮವಾರ ಕಚೇರಿಗೆ ಇನ್ನೂ ಚಹಾ ಬಂದಿರಲಿಲ್ಲ, ನಾಗಣಸೂರಿನ ಬಸ್ಸಿಳಿದು ಬಂದ ಶಾರದಾಬಾಯಿ ಸಾಹೇಬರ ಮೇಜಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಗರಿಗರಿ ಕಟಕ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಸಾಹೇಬರು ಬಗ್ಗಿದರೆ ರೊಟ್ಟಿ, ಬಗ್ಗದಿದ್ದರೆ ಬೈಗುಳ. ಎರಡಕ್ಕೂ ತಯಾರಾಗಿಯೇ ಬಂದಿದ್ದಳು.

"ನಮಸ್ಕಾರ್ರಿ ಸಾಹೇಬ್ರ. ನನ್ನ ಮಗಳು ಚೊಚ್ಚಲ ಬಸುರಿ ಅದಾಳ್ರಿ. ದಿನಾ ಬಸ್ಸಿನ್ಯಾಗ ಕುಲುಕಾಡಕೋಂತ ಬರ್ತಾಳ. ನಿಮಗ ಸ್ವಲ್ಪರೆ ದಯಾ ಬ್ಯಾಡೇನ್ರಿ?"

ಸಾಹೇಬರು ಮರಾಠಿ ಮನೆಯವರು, ಅಕ್ಕಲಕೋಟೆಯ ನೀರು ಕುಡಿದು ಕನ್ನಡ ಕಲಿತವರು. ಕಕ್ಕಾಬಿಕ್ಕಿಯಾಗಿ ಅರ್ಜಿ ತರಿಸಿ ನೋಡಿದರು.

"ಮಾವಶಿ, ನಾನು ಅರ್ಜಿ ಕೊಟ್ಟ ದಿನಾನ ಸಹಿ ಮಾಡೀನ್ರಿ. ಒಂಬತ್ತರಾಗ ರಜಾ ಬೇಕು ಅಂತ ಆಕೀನ ಬರದಾಳ."

ಇಡೀ ಕಚೇರಿ ಪ್ರಣಿತಾಳ ಕಡೆ ತಿರುಗಿತು. ಅವಳು ತಲೆ ತಗ್ಗಿಸಿ ಕೈಯ ಬಳೆ ತಿರುವುತ್ತ ನಿಂತಳು.

ಶಾರದಾಬಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು, "ತವರು ಬ್ಯಾಡಾತೇನ ನಿನಗ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಹಂಗಲ್ಲ ಬೇ! ಈಗ ರಜಾ ತಗೊಂಡ್ರ ಕೂಸಿನ ಪಾಲಿಂದು ಕಡಿಮಿ ಆಗ್ತೈತಿ. ಅದು ನಗೂದು, ಬೋರಲ ಬೀಳೂದು, ಕುಂದ್ರೂದು, ಎಲ್ಲಾ ನನ್ನ ಕಣ್ಣಾರೆ ನೋಡಬೇಕು. ಯಾರರೆ ಫೋನ್ ಮಾಡಿ ಹೇಳಿದ್ರ ಅದೇನು ಚಂದ?" ಹೇಳುತ್ತ ಹೇಳುತ್ತ ಪ್ರಣಿತಾಳ ಮುಖ ಅರಳಿತು. ತಪ್ಪು ಮಾಡಿದವಳು ತಾನು ಎಂಬುದೇ ಮರೆತುಹೋಗಿತ್ತು.

ಶಾರದಾಬಾಯಿ ರೊಟ್ಟಿಯ ಗಂಟನ್ನು ಕಟ್ಟೆಯ ಮೇಲಿಟ್ಟಳು.

"ನೀ ಬೋರಲ ಬಿದ್ದಾಗ ನಾ ಹೊಲದಾಗ ಜ್ವಾಳದ ರಾಶಿ ಮಾಡಾಕತ್ತಿದ್ನಿ," ಎಂದಳು ಆಮೇಲೆ. "ಸಂಜೀಕ ಬಂದು ಉಣ್ಣಾಕ ಕುಂತ್ರ ಗಂಗಾಳದಾಗ ಹೋಳಿಗಿ. ಇವತ್ತ ಯಾವ ಹಬ್ಬರಿ ಅತ್ತಿ, ಅಂತ ಕೇಳಿದ್ನಿ."

ಕೂಸು ಮೊದಲ ಸಲ ಬೋರಲು ಬಿದ್ದ ದಿನ ಹೋಳಿಗೆ ಮಾಡುವುದು ಅವರ ಮನೆಯ ಪದ್ಧತಿ. ಹಡೆದವ್ವನಿಗೆ ಮಗಳ ಸುದ್ದಿ ತಿಳಿದದ್ದು ಗಂಗಾಳ ನೋಡಿ.

"ಆ ಹೋಳಿಗಿ ಗಂಟಲಾಗ ಇಳೀಲಿಲ್ಲ ನೋಡು," ಎಂದು ಶಾರದಾಬಾಯಿ ಕಣ್ಣೊರೆಸಿಕೊಂಡು ತಟ್ಟನೆ ಎದ್ದಳು. "ತವರಿಗಿ ಬಾ. ನಾಗಣಸೂರಿಂದನ ಆಫೀಸಿಗೆ ಹೋಗು, ಸೊಲ್ಲಾಪುರಕಿಂತ ಹತ್ತರ ಆಗ್ತೈತಿ. ಬಸ್ಸಿನ್ಯಾಗ ನಾ ಜೋಡಿ ಬರ್ತೀನಿ. ಮಂದಿ ಬಾಯಿಗೆ ನಾ ಉತ್ತರಾ ಕೊಡ್ತೀನಿ."

ತವರಲ್ಲಿದ್ದೂ ಕೆಲಸಕ್ಕೆ ಬರಬಹುದು! ಇಷ್ಟು ಸರಳ ದಾರಿ ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಪ್ರಣಿತಾ ಅವ್ವನನ್ನು ತಬ್ಬಿಕೊಂಡಳು. ನಡುವೆ ಹೊಟ್ಟೆ ಅಡ್ಡ ಬಂತು, ಇಬ್ಬರೂ ನಕ್ಕರು. ಶಾರದಾಬಾಯಿ ಒಳಗೆ ಹೋಗಿ ರೊಟ್ಟಿಯ ಗಂಟನ್ನೂ ಚಟ್ನಿಯನ್ನೂ ಸಾಹೇಬರ ಮೇಜಿನ ಮೇಲಿಟ್ಟು, "ಸಿಟ್ಟಾಗಬ್ಯಾಡ್ರಿ," ಎಂದು ಕೈಮುಗಿದು ಬಂದಳು.

"ಹಂಗಾದ್ರ ಅವ್ವ, ಕೂಸು ಬೋರಲ ಬಿದ್ದ ದಿನ ಹೋಳಿಗಿ ನೀನ ಮಾಡಬೇಕು," ಎಂದಳು ಪ್ರಣಿತಾ.

"ನಾ ಯಾಕ ಮಾಡ್ಲಿ? ನಿಮ್ಮತ್ತಿ ಮಾಡ್ಲಿ," ಎಂದಳು ಶಾರದಾಬಾಯಿ. "ನಾ ಒಲಿ ಮುಂದ ಕುಂತ್ರ ಕೂಸನ್ನ ಯಾರು ನೋಡೂದು?"