ಗುಡುಗಮ್ಮನ ಗೊಣಗಾಟ

ವಿದ್ಯುತ್ ಸ್ಕೂಟರಿಗೆ ಸೈಲೆನ್ಸರ್ ಇರುವುದಿಲ್ಲ. ಇಷ್ಟು ಸಣ್ಣ ಸಂಗತಿ ಅತ್ತಿಗೆ-ನಾದಿನಿಯರ ವರ್ಕ್‌ಶಾಪಿಗೆ ಕುತ್ತು ತಂದಿತ್ತು. ಸೈಲೆನ್ಸರ್ ಮಾಡುವುದು, ತೂತು ಬಿದ್ದರೆ ತೇಪೆ ಹಾಕುವುದು ಅವರ ಕಸುಬು. ನಾದಿನಿಯದು ವೆಲ್ಡಿಂಗ್, ಅತ್ತಿಗೆಯದು ಅಳತೆ, ಲೆಕ್ಕ. ಈಗ ಸ್ಕೂಟರುಗಳು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಕೊಳವೆ ಬಗ್ಗಿಸುವ ಯಂತ್ರದ ಮೇಲೆ ನಾದಿನಿ ಊಟದ ಡಬ್ಬಿ ಇಡಲು ಶುರುಮಾಡಿದ್ದಳು. ಆ ಯಂತ್ರವನ್ನೂ ಒಯ್ಯಲು ಗುಜರಿಯವನು ಶನಿವಾರ ಬರುವವನಿದ್ದ.

"ಅದು ಹೋದ್ರೆ ಅಂಗಡಿ ಮುಚ್ಚಿದ ಹಾಗೇ ಅತ್ತಿಗೆ."

"ಇಟ್ಕೊಂಡು ಏನ್ಮಾಡ್ತೀಯೇ, ಮುದ್ದಾಡ್ತೀಯಾ?" ಎಂದಳಾದರೂ ಅತ್ತಿಗೆಯ ಕಣ್ಣು ಯಂತ್ರದ ಮೇಲೇ ಇತ್ತು.

ಆಗ ಎದುರಿನ ಲಾಂಡ್ರಿಯ ಗುಡುಗಮ್ಮ ನುಗ್ಗಿದಳು. ಬಟ್ಟೆ ಒಣಗಿಸುವ ಯಂತ್ರದ ಬ್ಲೋವರ್ ಮೊರೆತದಲ್ಲಿ ಕೂಗಿ ಕೂಗಿ ಬಂದ ಹೆಸರು ಅದು. ಗಿರಾಕಿಗೆ ಹೇಳಬೇಕಾದ್ದನ್ನು ಕೂಗಿ ಹೇಳಿ, ಅವರ ಬಗ್ಗೆ ಅನ್ನಿಸಿದ್ದನ್ನು ಮೊರೆತದ ಮರೆಯಲ್ಲಿ ಗೊಣಗಿಕೊಳ್ಳುವುದು ಅವಳ ರೂಢಿ.

"ಮೇಲಿನ ಮಹಡಿಯ ವಕೀಲ, ಅವನೇ ನಮ್ಮ ಕಟ್ಟಡದ ಮಾಲೀಕ, ಮನೇಲೇ ಕೂತು ಕಂಪ್ಯೂಟರಲ್ಲಿ ವಾದ ಮಾಡ್ತಾನಂತೆ! ನನ್ನ ಬ್ಲೋವರ್ ಜಡ್ಜಿಗೆ ಕೇಳಿಸುತ್ತಂತೆ! ಶನಿವಾರ ಬಂದು ನೋಡ್ತಾನೆ. ಸದ್ದು ಅಡಗಿರದಿದ್ರೆ ಲಾಂಡ್ರಿಗೆ ಬೀಗ ಅಂತೆ!"

"ಸ್ವಲ್ಪ ಮೆಲ್ಲಗೆ ಹೇಳಿ," ಎಂದಳು ಅತ್ತಿಗೆ.

"ಮೆಲ್ಲಗೇ ಹೇಳ್ತಿದ್ದೀನಲ್ಲ!"

ನಾದಿನಿ ನಕ್ಕಳು. ಅತ್ತಿಗೆ ನಗಲಿಲ್ಲ. "ಸದ್ದು ಅಡಗಿಸೋದು ತಾನೇ ನಮ್ಮ ಕೆಲಸ? ಅದು ಎಂಜಿನ್ನಿಂದಲೇ ಬರಬೇಕು ಅಂತ ಯಾರು ಹೇಳಿದ್ರು?"

ಮೊದಲು ಸ್ಕೂಟರ್ ಸೈಲೆನ್ಸರನ್ನೇ ಹಿಗ್ಗಿಸಿದಂತೆ ಒಂದನ್ನು ಮಾಡಿದರು. ಸದ್ದು ತಗ್ಗಿತು, ಆದರೆ ಗಾಳಿಯೂ ಕಟ್ಟಿ ಬಟ್ಟೆ ಒದ್ದೆಯಾಗಿಯೇ ಉಳಿಯಿತು. ಅತ್ತಿಗೆ ಲಾಂಡ್ರಿಯಲ್ಲಿ ಕೂತು ಕಣ್ಣು ಮುಚ್ಚಿ ಆಲಿಸಿದಳು. ಎಂಜಿನ್ ಹೊಗೆಯನ್ನು ಬಿಟ್ಟು ಬಿಟ್ಟು ಉಗಿಯುತ್ತದೆ. ಬ್ಲೋವರ್ ಒಂದೇ ಸಮನೆ ಊದುತ್ತದೆ. ಗಾಳಿಗೆ ಅಡ್ಡ ನಿಲ್ಲಬಾರದು, ಸದ್ದನ್ನು ಮಾತ್ರ ಹೀರಬೇಕು. ಹಾಗಾಗಿ ಅಗಲವಾದ ನೇರ ಕೊಳವೆ, ಮೈತುಂಬ ಸಣ್ಣ ತೂತು, ಸುತ್ತ ಗಾಜಿನ ನಾರಿನ ದಪ್ಪ ಹಾಸು, ಮೇಲೊಂದು ತಗಡಿನ ಕವಚ.

"ಇದು ಸೈಲೆನ್ಸರಲ್ಲ ಅತ್ತಿಗೆ, ಕಂಬಳಿ ಹೊದ್ದ ಆನೆ," ಎನ್ನುತ್ತಲೇ ನಾದಿನಿ ಅಂಚುಗಳನ್ನು ಬೆಸೆದಳು. ಶನಿವಾರ ಬೆಳಿಗ್ಗೆ ಹೊತ್ತುಕೊಂಡು ಹೋಗಿ ಅದನ್ನು ಕೂರಿಸುತ್ತಿರುವಾಗಲೇ ವಕೀಲರು ಇಸ್ತ್ರಿಗೆ ಕೊಡುವ ಕೋಟು ಹಿಡಿದು ಬಂದರು.

ಗುಡುಗಮ್ಮ ಗಾಬರಿಯಲ್ಲಿ ಸ್ವಿಚ್ ಒತ್ತಿದಳು. "ಬನ್ನಿ ಸಾರ್, ಕೂತ್ಕೊಳ್ಳಿ!" ಎಂದು ಗುಡುಗಿ, ಇಸ್ತ್ರಿ ಮೇಜಿನತ್ತ ತಿರುಗಿ ರೂಢಿಯಂತೆ ಗೊಣಗಿದಳು: "ಕೋಟು ನೋಡಿದ್ರೆ ಜಡ್ಜೇ ಎದ್ದು ನಿಲ್ಲಬೇಕು, ಒಳಗಿನ ಬನಿಯನ್ ನೋಡಿದ್ರೆ ಮೀನಿನ ಬಲೆ."

"ಯಾರ ಬನಿಯನ್?" ಎಂದರು ವಕೀಲರು.

ನಾದಿನಿ ಮುಖವನ್ನು ಕೈಗವಸಿನಲ್ಲಿ ಮುಚ್ಚಿಕೊಂಡಳು. ಮೊರೆತವೇ ಇಲ್ಲದ್ದರಿಂದ ಯಂತ್ರ ನಿಂತೇಹೋಯಿತೆಂದುಕೊಂಡು ಗುಡುಗಮ್ಮ ಓಡಿ ಗಾಳಿಯ ಬಾಯಿಗೆ ಕೈ ಒಡ್ಡಿದಳು. ಬಿಸಿ ಗಾಳಿ ರಭಸದಿಂದ ಬರುತ್ತಿತ್ತು. "ಅಯ್ಯೋ, ಓಡ್ತಾ ಇದೆ!"

ವಕೀಲರಿಗೆ ನಂಬಿಕೆ ಬರಲಿಲ್ಲ. ಅಲ್ಲಿ ಹಿಡಿದ ಅವರ ಕರವಸ್ತ್ರ ಕೈತಪ್ಪಿ ಹಾರಿ ಅತ್ತಿಗೆಯ ಹೆಗಲ ಮೇಲೆ ಬಿತ್ತು. ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಷ್ಟು ವರ್ಷ ಹೀಗೇ ಅಂತಿದ್ರೇನಮ್ಮಾ?"

"ಇಲ್ಲ ಸಾರ್, ಒಂದೊಂದು ಬಟ್ಟೆಗೆ ಒಂದೊಂದು."

"ಬೀಗದ ಮಾತು ಬಿಡಿ. ಪುಣ್ಯಕ್ಕೆ ಜಡ್ಜಿಗೆ ಬರೀ ಬ್ಲೋವರ್ ಕೇಳಿಸ್ತು!" ವಕೀಲರು ಅತ್ತಿಗೆಯತ್ತ ತಿರುಗಿದರು. "ಕಟ್ಟಡದ ಜನರೇಟರಿಗೂ ಒಂದು ಬೇಕು. ನನ್ನ ಹಾಗೆ ಮನೇಲಿ ಕೂತು ಕೆಲಸ ಮಾಡೋರು ಬೀದಿ ತುಂಬ ಇದ್ದಾರೆ, ಎಲ್ಲರಿಗೂ ಸದ್ದಿನದೇ ಗೋಳು. ಕೈ ತುಂಬ ಕೆಲಸ ಕೊಡಿಸ್ತೀನಿ."

ಬೀದಿ ದಾಟಿದರೆ ಗುಜರಿಯವನ ಗಾಡಿ ಆಗಲೇ ವರ್ಕ್‌ಶಾಪಿನ ಮುಂದಿತ್ತು. ಬಂದದ್ದು ಯಾರಿಗೂ ಕೇಳಿಸಿರಲಿಲ್ಲ, ಅದೂ ವಿದ್ಯುತ್ತಿನದೇ.

"ಎತ್ತಿ ಹಾಕ್ಲೇನಮ್ಮಾ?"

ಅತ್ತಿಗೆ ಯಂತ್ರದ ಮೇಲಿದ್ದ ಊಟದ ಡಬ್ಬಿಯನ್ನು ತೆಗೆದು ನಾದಿನಿಯ ಕೈಗಿತ್ತಳು.

"ಗಾಡಿ ತಿರುಗಿಸಿ ಅಣ್ಣಾ," ಎಂದಳು ನಾದಿನಿ, "ಇನ್ಮೇಲೆ ಇದಕ್ಕೆ ಪುರುಸೊತ್ತಿಲ್ಲ."