ಗೆರೆಯ ಮೇಲಿನ ಸುಣ್ಣ

ಅಮೆರಿಕದ ಹೆಂಗಸರ ಲಾನ್ ಟೆನ್ನಿಸ್ ಕಪ್ಪು ನಮ್ಮ ಮನೆಯಲ್ಲಿ ವರ್ಷ ಪೂರ್ತಿ ಹಾಸಿಗೆ ಬಟ್ಟೆಯ ಕಪಾಟಿನೊಳಗೆ, ಹಳೆಯ ದಿಂಬಿನ ಚೀಲವೊಂದರಲ್ಲಿ ಬಿದ್ದಿತ್ತು. ಗೆದ್ದವಳೇ ಅದನ್ನು ಅಲ್ಲಿಗೆ ತುರುಕಿದ್ದಳು. ಕಳ್ಳರ ಭಯಕ್ಕೆ ಹಾಗೆ ಮಾಡಿದ್ದಾಳೆ ಎಂದು ಮೊದಲು ಎಣಿಸಿದ್ದೆ. ಅಲ್ಲ, ಅವಳಿಗೆ ಅದರ ಮುಖ ನೋಡುವುದೇ ಬೇಕಿರಲಿಲ್ಲ.

ಗೆದ್ದವಳು ಲೆಟಿ, ನನ್ನ ಅಕ್ಕನ ಕಿರಿಯ ಮಗಳು. ಅಕ್ಕ ತೀರಿಕೊಂಡ ಮೇಲೆ ಫಿಲಡೆಲ್ಫಿಯಾದ ಹೊರಗಿನ ಈ ಮನೆಗೆ ಬಂದು ಅವಳನ್ನೂ ಅವಳ ಅಕ್ಕ ಹೆಸ್ಟರಳನ್ನೂ ಬೆಳೆಸಿದವಳು ನಾನು. ನಾನು ಮದುವೆಯಾಗಲಿಲ್ಲ. ಹಾಲಿನವನ ಅಳತೆ, ಪಾದ್ರಿಯ ಮುಗುಳ್ನಗೆ, ಎಲ್ಲದರ ಮೇಲೂ ಅನುಮಾನ ಪಡುವ ಹೆಂಗಸನ್ನು ಕಟ್ಟಿಕೊಂಡು ಯಾವ ಗಂಡಸು ತಾನೇ ನೆಮ್ಮದಿಯಾಗಿ ಉಂಡಾನು? ನಾನು ಕಣ್ಣುಮುಚ್ಚಿ ನಂಬಿದ್ದು ಒಬ್ಬರನ್ನೇ, ಮಕ್ಕಳ ತಂದೆ ಆಂಬ್ಲರ್ ಭಾವನನ್ನು. ಅವರ ಮಾತಿಗೆ ಊರಿನಲ್ಲಿ ಎರಡು ಮಾತಿರಲಿಲ್ಲ.

ಹಿತ್ತಲಿನ ಪೇರ್ ಮರಕ್ಕೂ ಬಟ್ಟೆ ಒಣಗಿಸುವ ಕಂಬಕ್ಕೂ ನಡುವೆ ಬಲೆ ಕಟ್ಟಿ ಭಾವ ಹೆಸ್ಟರ್‌ಗೆ ಆಟ ಕಲಿಸಿದರು. ಹೆಸ್ಟರ್ ಲೆಟಿಗೆ ಕಲಿಸಿದಳು. ಹೆಸ್ಟರ್ ಆಡಿದರೆ ಸೂಜಿಗೆ ದಾರ ಪೋಣಿಸಿದ ಹಾಗೆ. ಲೆಟಿಯದು ಹೊಡೆದಾಟ. ನೆಲ ಗುಡಿಸುವ ಲಂಗ ತೊಟ್ಟುಕೊಂಡೇ ಗಂಡಸರ ಹಾಗೆ ತಲೆಯ ಮೇಲಿಂದ ಚೆಂಡು ಬಾರಿಸುತ್ತಿದ್ದಳು. ಪಕ್ಕದ ಮನೆಯ ಮಿಸೆಸ್ ಟ್ರಾಕ್ಸೆಲ್, "ನಿಮ್ಮ ಹುಡುಗಿ ಕಂಕುಳು ತೋರಿಸ್ಕೊಂಡು ಆಡ್ತಾಳಲ್ಲ, ಯಾರು ಮಾಡ್ಕೊಳ್ತಾರೆ ಅವಳನ್ನ?" ಎಂದಳು. "ನಿಮ್ಮ ಮಗನ್ನಂತೂ ಅವಳು ಮಾಡ್ಕೊಳ್ಳಲ್ಲ, ಚಿಂತೆ ಬಿಡಿ" ಎಂದೆ.

ಹೆಸ್ಟರ್ ಚಾಂಪಿಯನ್ ಆದಳು. ಚಾಂಪಿಯನ್ ಆದವಳು ಮರುವರ್ಷ ಎಲ್ಲರ ಜೊತೆ ಆಡಬೇಕಿಲ್ಲ. ಉಳಿದವರು ಬಡಿದಾಡಿ ಒಬ್ಬಳು ಉಳಿಯುವ ತನಕ ಕುರ್ಚಿಯಲ್ಲಿ ಕೂತು ಕಾಯುತ್ತಾಳೆ, ಕೊನೆಗೆ ಅವಳ ಜೊತೆ ಮಾತ್ರ ಆಡುತ್ತಾಳೆ. ಮರುವರ್ಷ ಹಾಗೆ ಉಳಿದು ಬಂದವಳು ಲೆಟಿ. ಅಕ್ಕನ ಎದುರು ತಂಗಿ. ಪಂದ್ಯ ನಡೆಯುವ ನಮ್ಮ ಕ್ಲಬ್ಬಿನ ತುಂಬ ಗುಸುಗುಸು ಶುರುವಾಯಿತು.

"ಆಂಬ್ಲರ್ ಮನೆಯ ಊಟದ ಮೇಜಿನ ಮೇಲೇ ಕಪ್ಪು ಹಂಚಿ ಆಗಿರುತ್ತೆ, ನಾವು ಸುಮ್ನೆ ಬಿಸಿಲಲ್ಲಿ ಒಣಗ್ಬೇಕು" ಎಂದಳು ಮಿಸೆಸ್ ಟ್ರಾಕ್ಸೆಲ್, ನನಗೆ ಕೇಳಿಸಲಿ ಎಂದೇ.

ಸುಣ್ಣದಲ್ಲಿ ಎಳೆದ ಹಿಂದಿನ ಗೆರೆ ಕಾಯಲು, ಚೆಂಡು ಒಳಗೋ ಹೊರಗೋ ಹೇಳಲು, ಭಾವನನ್ನೇ ಕೂರಿಸಿದರು. ಇಬ್ಬರೂ ಅವರ ಮಕ್ಕಳೇ, ಯಾರ ಕಡೆಗೆ ವಾಲುತ್ತಾರೆ ಎಂದು ನಕ್ಕರು.

ನಮ್ಮ ಕ್ಲಬ್ಬಿನದೊಂದು ಪದ್ಧತಿ ಇದೆ. ತೀರ್ಪು ತಪ್ಪಾಗಿ ನಿಮ್ಮ ಕಡೆಗೆ ಬಿದ್ದರೆ ಬಾಯಿ ಬಿಡುವಂತಿಲ್ಲ, ತೀರ್ಪು ಕೊಟ್ಟವರ ಮರ್ಯಾದೆ ಹೋಗುತ್ತದೆ. ಮುಂದಿನ ಚೆಂಡನ್ನು ಸದ್ದಿಲ್ಲದೆ ಬಲೆಗೆ ಹೊಡೆದು ಸಾಲ ತೀರಿಸಬೇಕು. ಆಮೇಲೆ ಆ ಮಾತು ಎತ್ತಲೂಬಾರದು. ಗಂಡಸರು ಹಾಗೆ ಮಾಡಿ ಮೀಸೆ ತಿರುವುವುದನ್ನು ಬೇಕಾದಷ್ಟು ನೋಡಿದ್ದೇನೆ.

ಹೆಂಗಸರಿಗೂ ಆಗ ಐದು ಸೆಟ್ಟು, ಮೂರು ಗೆದ್ದವಳಿಗೆ ಕಪ್ಪು. ಐದನೇ ಸೆಟ್ಟಿನ ಕೊನೆಯಲ್ಲಿ ಇಬ್ಬರೂ ಸಮ. ನಾನು ನಿಂಬೆ ಶರಬತ್ತಿನ ಮೇಜಿನ ಹತ್ತಿರ ಇದ್ದೆ, ಗೆರೆ ಅಲ್ಲಿಗೆ ಕಾಣದು. ಲೆಟಿ ಮೂಲೆಗೆ ಬೀಸಿ ಹೊಡೆದಳು. ಅಷ್ಟರಲ್ಲಿ ಅವಳ ಟೋಪಿ ಕಣ್ಣ ಮೇಲೆ ಜಾರಿತು. "ಹೊರಗೆ!" ಎಂದರು ಭಾವ. ಹೆಸ್ಟರ್‌ಗೆ ಇನ್ನೊಂದು ಪಾಯಿಂಟ್ ಸಿಕ್ಕರೆ ಕಪ್ಪು ಅವಳಲ್ಲೇ ಉಳಿಯುತ್ತಿತ್ತು. ಮರುಚೆಂಡು ಅವಳ ಕೈಗೆ ಹೂವಿನಂತೆ ಬಂತು. ಅದನ್ನವಳು ಬಲೆಯ ಬುಡಕ್ಕೆ ಹೊಡೆದಳು. ಮತ್ತೆ ಸಮ. ಆಮೇಲಿನ ಎರಡು ಪಾಯಿಂಟನ್ನೂ ಅದರ ಮುಂದಿನ ಎರಡು ಗೇಮನ್ನೂ ಲೆಟಿ ಗೆದ್ದಳು. ಚಪ್ಪಾಳೆ ಬಿತ್ತು, ಆದರೆ ಕೈಗವುಸಿನ ಚಪ್ಪಾಳೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟಿದರು.

ರಾತ್ರಿ ಲೆಟಿ ಅಡುಗೆಮನೆಗೆ ಬಂದಳು.

"ಚಿಕ್ಕಮ್ಮ, ಆ ಚೆಂಡು ನೋಡಿದ್ರಾ? ಚಿಕ್ಕ ಮಗು ಕೂಡ ದಾಟಿಸ್ತಿತ್ತು."

"ಕೈ ಜಾರಿರ್ಬೇಕು ಬಿಡೆ."

"ಅಕ್ಕನ ಕೈ ಜಾರೋದಾ? ಮೊಟ್ಟೆ ಒಡೆಯುವಾಗ ಒಂದು ಹನಿ ಆಚೆ ಬೀಳಿಸದವಳು!"

ಅದೇ ಹುಳ ನನ್ನ ತಲೆಯನ್ನೂ ಕೊರೆಯುತ್ತಿತ್ತು. ಗೆರೆಯಲ್ಲಿ ತಪ್ಪು ತೀರ್ಪು ಬಂದಿರಬಹುದು ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಗೆರೆಯಲ್ಲಿ ಕೂತಿದ್ದವರು ಭಾವ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಲೆಟಿ ನೇರವಾಗಿ ಕೇಳಿಯೇಬಿಟ್ಟಳು. "ಅಕ್ಕ, ನಿಜ ಹೇಳು. ಬೇಕು ಅಂತಾನೇ ಬಲೆಗೆ ಹೊಡೆದೆಯಾ?"

ಹೆಸ್ಟರ್ ತಂದೆಯ ಕಡೆ ಒಮ್ಮೆ ನೋಡಿದಳು. ಭಾವ ಪತ್ರಿಕೆಯನ್ನು ಮುಖಕ್ಕೆ ಏರಿಸಿಕೊಂಡರು.

"ತಿಂಡಿ ಆರ್ತಿದೆ, ತಿನ್ನು" ಎಂದಳು ಹೆಸ್ಟರ್. "ಗೆದ್ದಿದ್ದೀಯಲ್ಲ, ಇನ್ನೇನು ಬೇಕು?"

"ಇಲ್ಲ ಅಂತ ಒಂದು ಮಾತು ಹೇಳು ಸಾಕು."

ಹೆಸ್ಟರ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ಒಂದು ನೋಟ ಸಾಕಾಯಿತು ನನಗೆ. ಭಾವನೇ ಹಿರಿಯಳನ್ನು ಕರೆದು, ಚಿಕ್ಕವಳಿಗೆ ಬಿಟ್ಟುಕೊಡು ಎಂದಿದ್ದಾರೆ, ಅಷ್ಟೇ ಎಂದು ತೀರ್ಮಾನಿಸಿದೆ. ನಾನು ನಂಬಿದ್ದ ಒಬ್ಬರ ಮೇಲಿನ ನಂಬಿಕೆಯೂ ಹೋಯಿತು. ಅಂದಿನಿಂದ ಅವರ ಕಾಫಿಗೆ ಕೆನೆ ಕಡಿಮೆ ಮಾಡಿದೆ.

ಕಪ್ಪು ಆ ಕಪಾಟು ಸೇರಿದ್ದು ಆವತ್ತೇ. ಯಾರಾದರೂ ಚಾಂಪಿಯನ್ ಎಂದು ಕರೆದರೆ ಲೆಟಿ ಹಿಂತಿರುಗಿ ಅಕ್ಕನನ್ನು ಹುಡುಕುತ್ತಿದ್ದಳು. ಹೆಸ್ಟರ್ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟರೆ, "ಇದನ್ನೂ ದಾನ ಮಾಡ್ತಿದ್ದೀಯಾ?" ಎನ್ನುತ್ತಿದ್ದಳು. ಲೆಟಿ ಒಳಗೊಳಗೇ ಬೇಯುತ್ತಿದ್ದಳು, ನನಗೆ ನೋಡಲಾಗುತ್ತಿರಲಿಲ್ಲ. ಹುಟ್ಟಿದಾರಭ್ಯ ಅವಳು ತನ್ನದೆಂದು ಬಯಸಿದ್ದು ಅದೊಂದೇ ಗೆಲುವು, ಅದು ತನ್ನದು ಹೌದೋ ಅಲ್ಲವೋ ಎಂದೇ ಅವಳಿಗೆ ತಿಳಿಯದು.

ಮರುವರ್ಷದ ಜೂನ್ ಬಂತು. ಈ ಸಲ ಕಾಯುವ ಕುರ್ಚಿ ಲೆಟಿಯದು. ಎಲ್ಲರನ್ನೂ ಸೋಲಿಸಿ ಎದುರು ಬಂದು ನಿಂತವಳು ಹೆಸ್ಟರ್. ಭಾವ ಮತ್ತೆ ಗೆರೆಯ ಕುರ್ಚಿಯಲ್ಲಿ. ನಾನು ಶರಬತ್ತಿನ ಮೇಜು ಬಿಟ್ಟು ಅವರ ಬೆನ್ನ ಹಿಂದೆಯೇ ಕೂತೆ. ಏನಾದರೂ ಸನ್ನೆ ಮಾಡಿದರೆ ಕೊಡೆಯಿಂದ ತಿವಿಯುವುದೆಂದು ನಿಶ್ಚಯಿಸಿದ್ದೆ.

ಮೊದಲ ಸೆಟ್ಟಿನಲ್ಲೇ ಏನೋ ಎಡವಟ್ಟು ಕಂಡಿತು. ಲೆಟಿ ಚೆಂಡನ್ನು ಬಲೆಗೆ ಹೊಡೆಯುತ್ತಾಳೆ, ಬೇಲಿಗೆ ಹೊಡೆಯುತ್ತಾಳೆ, ಓಡಬೇಕಾದಲ್ಲಿ ನಿಲ್ಲುತ್ತಾಳೆ. ಎರಡು ಸೆಟ್ಟು ನೀರಿನ ಹಾಗೆ ಹರಿದುಹೋಯಿತು.

"ಈ ವರ್ಷ ದೊಡ್ಡವಳ ಸರದಿ ಅಂತ ಕಾಣುತ್ತೆ" ಎಂದಳು ಮಿಸೆಸ್ ಟ್ರಾಕ್ಸೆಲ್.

ಹೆಸ್ಟರ್ ಅಂಪೈರ್ ಬಳಿ ಹೋಗಿ ಬೂಟಿನ ಲೇಸು ಕಿತ್ತಿದೆ ಎಂದು ಹೇಳಿ, ತಂಗಿಯ ತೋಳು ಹಿಡಿದು ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋದಳು. ನಾನು ಹಿಂದೆಯೇ ಓಡಿದೆ. ಮಗಳಿಗೆ ಪೆಟ್ಟಾಯಿತೇನೋ ಎಂದು ಭಾವನೂ ಬಂದು ಬಾಗಿಲಲ್ಲಿ ನಿಂತರು.

"ಏನೇ ಇದು ನಿನ್ನ ನಾಟಕ?" ಎಂದಳು ಹೆಸ್ಟರ್.

"ನೀನು ಕೊಟ್ಟಿದ್ದನ್ನ ವಾಪಸ್ ಕೊಡ್ತಿದ್ದೀನಿ. ಭಿಕ್ಷೆ ಕಪ್ಪು ನನಗೆ ಬೇಡ."

"ಭಿಕ್ಷೆ? ನಾನೆಲ್ಲೇ ಕೊಟ್ಟೆ ನಿನಗೆ? ಆ ಪಾಯಿಂಟ್ ನಿಂದೇ ಕಣೆ! ನಿನ್ನ ಚೆಂಡು ಗೆರೆ ಮೇಲೆ ಬಿದ್ದಿತ್ತು. ಸುಣ್ಣ ಎದ್ದದ್ದು ನಾನೇ ನೋಡಿದೆ. ತಪ್ಪಾಗಿ ನನಗೆ ಬಂತು, ಮುಂದಿನದನ್ನ ಬಲೆಗೆ ಹೊಡೆದು ತಿರುಗಿ ಕೊಟ್ಟೆ. ಎಲ್ರೂ ಮಾಡೋದು ಅದನ್ನೇ ತಾನೆ?"

"ಆದ್ರೆ ಅಪ್ಪ ಹೊರಗೆ ಅಂದ್ರಲ್ಲ..."

ಮೂವರೂ ಬಾಗಿಲ ಕಡೆ ತಿರುಗಿದೆವು. ಭಾವ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು.

"ನಿಮಗೆ ಸರಿಯಾಗಿ ಕಾಣ್ಲಿಲ್ಲ, ಅಲ್ವಾ ಭಾವ?" ಎಂದೆ. ಹೌದು ಎನ್ನಲಿ ಎಂದು ದೇವರನ್ನು ಬೇಡಿಕೊಂಡೆ.

"ಕಾಣ್ತು" ಎಂದರು. "ಸುಣ್ಣ ಎದ್ದದ್ದು ಚೆನ್ನಾಗೇ ಕಾಣ್ತು. ಲೆಟಿಗೆ ಇನ್ನೂ ವರ್ಷಗಳಿವೆ, ಹೆಸ್ಟರ್‌ಗೆ ಇದೇ ಕೊನೇದೇನೋ ಅನ್ನಿಸ್ತು. ಬಾಯಿಂದ ಬಂದುಬಿಡ್ತು."

"ಒಂದು ವರ್ಷ!" ಎಂದಳು ಲೆಟಿ ಅಕ್ಕನಿಗೆ. "ಒಂದು ವರ್ಷ ನನ್ನ ಬೇಯಿಸಿದೆಯಲ್ಲೇ!"

"ಅಪ್ಪ ಸುಳ್ಳು ಹೇಳಿದ್ರು ಅಂತ ಯಾವ ಬಾಯಲ್ಲಿ ಹೇಳ್ಲಿ?" ಹೆಸ್ಟರ್ ಅತ್ತೇಬಿಟ್ಟಳು. "ಕಣ್ಣು ತಪ್ಪಿರ್ಬೇಕು ಅಂತ ನನಗೆ ನಾನೇ ಹೇಳ್ಕೊಂಡಿದ್ದೆ."

ಲೆಟಿ ಲಂಗದ ಅಂಚಿನಿಂದ ಮುಖ ಒರೆಸಿಕೊಂಡು ರಾಕೆಟ್ ಎತ್ತಿಕೊಂಡಳು. ತಂದೆಯ ಎದುರು ನಿಂತು, "ಹೋಗಿ ನಿಮ್ಮ ಕುರ್ಚಿಯಲ್ಲಿ ಕೂತ್ಕೊಳಿ ಅಪ್ಪ. ಈ ಸಲ ಕಂಡದ್ದನ್ನ ಹೇಳಿ" ಎಂದಳು.

ಆಮೇಲಿನದು ಆಟ! ಮೂರನೆಯದನ್ನೂ ನಾಲ್ಕನೆಯದನ್ನೂ ಲೆಟಿ ಕಿತ್ತುಕೊಂಡಳು. ಟೋಪಿ ಬಿಸಾಡಿದಳು, ಅವಳ ಕೂದಲು ಬಿಚ್ಚಿತು, ಹೆಸ್ಟರ್ ಎರಡು ಸಲ ಹುಲ್ಲಿನ ಮೇಲೆ ಬಿದ್ದಳು. ಐದನೆಯದರ ಕೊನೆಗೆ ಮತ್ತೆ ಸಮ. ಲೆಟಿ ಮೂಲೆಗೆ ಬಾರಿಸಿದಳು. ಚೆಂಡು ಗೆರೆಯಾಚೆ ಬಿತ್ತು. ಸುಣ್ಣ ಏಳಲಿಲ್ಲ, ಹಸಿರು ಹುಲ್ಲು ಮಾತ್ರ ಅಲುಗಿತು. ನನ್ನ ಕಣ್ಣಿಗೇ ಕಂಡಿತು.

ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಒಳಗೆ!" ಎಂದರು.

ಅಯ್ಯೋ ಮನುಷ್ಯನೇ! ಕೊಡೆ ಎತ್ತಿಯೂ ಎತ್ತಿದೆ. ಹಿಂದೆ ಒಬ್ಬಳಿಂದ ಕದ್ದದ್ದನ್ನು ಈಗ ಇನ್ನೊಬ್ಬಳಿಂದ ಕದ್ದು ತೀರಿಸುತ್ತಿದ್ದರು. ಇನ್ನೊಂದು ಪಾಯಿಂಟಿಗೆ ಕಪ್ಪು ಲೆಟಿಯದು. ಟೋಪಿ ಆಗಲೇ ಬಿಸಾಡಿದ್ದಳಲ್ಲ, ಅವಳಿಗೂ ಎಲ್ಲ ಕಂಡಿತ್ತು. ತಂದೆಯನ್ನು ನೋಡಿದಳು. ಅಕ್ಕನನ್ನು ನೋಡಿದಳು. ಅಕ್ಕ ಮುಂದಿನ ಚೆಂಡಿಗೆ ಸಜ್ಜಾಗಿ ನಿಂತಳು.

ಮರುಚೆಂಡು ಸುಲಭವಾಗಿಯೇ ಬಂತು. ಲೆಟಿ ಅದನ್ನು ಬಲೆಯ ಬುಡಕ್ಕೆ ಹೊಡೆದಳು.

"ನೋಡಿ, ನಾನು ಹೇಳ್ಲಿಲ್ವಾ? ಮೊದಲೇ ಮಾತಾಡಿಕೊಂಡಿದ್ದಾರೆ!" ಮಿಸೆಸ್ ಟ್ರಾಕ್ಸೆಲ್ ಕಿರುಚಿದಳು. ಸುತ್ತಲೂ ಜನ ತಲೆಯಾಡಿಸಿದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಬಲೆಯ ಆಚೆ ಈಚೆ ಹುಡುಗಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಆಮೇಲಿನ ಎರಡು ಪಾಯಿಂಟನ್ನೂ ಅದರ ಮುಂದಿನ ಎರಡು ಗೇಮನ್ನೂ ಹೆಸ್ಟರ್ ಗೆದ್ದಳು, ಬೆವರು ಸುರಿಸಿಯೇ ಗೆದ್ದಳು. ಲೆಟಿ ಆಮೇಲೆ ಎಷ್ಟೋ ಜೂನ್ ಆಡಿದಳು. ಅಕ್ಕನ ಜೊತೆಗೂಡಿ ಜೋಡಿ ಆಟ ಗೆದ್ದಳು. ಒಂಟಿ ಆಟದ ಕಪ್ಪು ಮತ್ತೆಂದೂ ಅವಳ ಕೈಗೆ ಬರಲಿಲ್ಲ. ಭಾವ ಮತ್ತೆಂದೂ ಗೆರೆಯ ಬಳಿ ಕೂರಲಿಲ್ಲ. ಯಾರಾದರೂ ಕರೆದರೆ ಕಣ್ಣು ಮಂಜು ಎನ್ನುತ್ತಿದ್ದರು.

ಅಕ್ಕನಿಗೆ ಸೋತ ಆ ಸಂಜೆ ಲೆಟಿ ಸೀದಾ ಕಪಾಟಿಗೆ ಹೋಗಿ ದಿಂಬಿನ ಚೀಲ ಎಳೆದಳು. ಬೆಳ್ಳಿಯ ಕಪ್ಪು ಬೆಳಕು ಕಾಣದೆ ಕರ್ರಗಾಗಿತ್ತು. ಬೆಳಿಗ್ಗೆ ಅದನ್ನು ಕ್ಲಬ್ಬಿಗೆ ಒಯ್ದು ಅಕ್ಕನ ಕೈಗೆ ಒಪ್ಪಿಸಬೇಕು.

"ಈಗ್ಯಾಕೆ ತಿಕ್ತೀಯೆ? ಇನ್ನು ಅದು ನಿಂದಲ್ವಲ್ಲ" ಎಂದೆ.

"ಅದಕ್ಕೇ ಚಿಕ್ಕಮ್ಮ" ಎಂದಳು. ಹೋದ ವರ್ಷ ಕೊರೆದಿದ್ದ ತನ್ನ ಹೆಸರಿನ ಮೇಲೆ ಬಟ್ಟೆ ಒತ್ತಿ ತಿಕ್ಕುತ್ತಲೇ ಇದ್ದಳು. "ಇವತ್ತೊಂದು ದಿನ ಇದು ನಂದು."