ಆಯ್ದ ಭಾಷೆಗಳಿಗೆ ಮಾತ್ರ

ಬೀದಿಯವರೆಲ್ಲ ಅವನನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಕ್ಷೌರದಂಗಡಿಯ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಅವನ ಕತ್ತರಿ ಬೇಕಾದರೆ ನಿಂತೀತು, ಬಾಯಿ ನಿಲ್ಲುತ್ತಿರಲಿಲ್ಲ. ಅಂಥವನಿಗೆ ಗಂಟಲಲ್ಲಿ ಗಡ್ಡೆಯಾಗಿ, ಆಪರೇಷನ್ ಆಗಿ, ಜೀವ ಉಳಿದು ದನಿ ಹೋಯಿತು.

ಕೈಸನ್ನೆಯಲ್ಲಿ ಕೆಲಸ ಹೇಗೋ ನಡೆಯಿತು ಅನ್ನಿ. ಆದರೆ ಎರಡೂ ಕೈಯಲ್ಲಿ ಬಾಚಣಿಗೆ ಕತ್ತರಿ ಇರುವವನು ಸನ್ನೆ ಮಾಡುವುದಾದರೂ ಹೇಗೆ? ಗಿರಾಕಿಗಳು ಕನ್ನಡಿ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಆ ಮೌನ ಅವನನ್ನು ಹಿಂಡಿ ಹಿಪ್ಪೆ ಮಾಡಿತು.

ಹೀಗಿರುವಾಗ ಕಂಪ್ಯೂಟರ್ ಅಂಗಡಿಯ ಗಾಜಿಗೆ ಅಂಟಿಸಿದ್ದ ಜಾಹೀರಾತೊಂದು ಅವನ ಹೆಂಡತಿಯ ಕಣ್ಣಿಗೆ ಬಿತ್ತು. ನಗುಮುಖದ ಮುದುಕನೊಬ್ಬ ಕೀಲಿ ಒತ್ತುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ, 'ನೀವು ಬರೆಯಿರಿ, ನಾನು ಮಾತಾಡುತ್ತೇನೆ.' ಅವಳು ಹಿಂದೆಮುಂದೆ ನೋಡದೆ ಆ ಮಾತಾಡುವ ಯಂತ್ರವನ್ನು ಕೊಂಡು ತಂದಳು.

ರೇಡಿಯೋ ಅದನ್ನು ಕನ್ನಡಿಯ ಕೆಳಗಿಟ್ಟು, ಒಂದೊಂದೇ ಅಕ್ಷರ ಹುಡುಕಿ 'ತಲೆ ಬಗ್ಗಿಸಿ' ಅಂತ ಬರೆದ. ಯಂತ್ರ ತೆಪ್ಪಗಿತ್ತು. ಮತ್ತೆ ಒತ್ತಿದರೆ ಯಾವುದೋ ಪರಭಾಷೆಯಲ್ಲಿ ಏನೋ ಗೊಣಗಿ ಸುಮ್ಮನಾಯಿತು. ಅವನು ಮುಖ ತಿರುಗಿಸಿಕೊಂಡು ಬಾಚಣಿಗೆ ತೊಳೆಯಲು ಹೋದ.

ಹೆಂಡತಿ ನೇರ ಅಂಗಡಿಗೆ ಹೋಗಿ, ಅದನ್ನು ಮಾರಿದ ಹುಡುಗಿಯನ್ನು ಕೇಳಿದಳು. ಹುಡುಗಿ ಜಾಹೀರಾತಿನ ಬುಡಕ್ಕೆ ಬಗ್ಗಿ, ಇರುವೆ ಸಾಲಿನಂಥ ಅಕ್ಷರಗಳನ್ನು ಕಷ್ಟಪಟ್ಟು ಓದಿದಳು. 'ಮಾತಿನ ಸೌಲಭ್ಯ ಆಯ್ದ ಭಾಷೆಗಳಿಗೆ ಮಾತ್ರ.' ಅವಳ ಮುಖ ಸಪ್ಪಗಾಯಿತು.

"ನಾನೂ ಇದನ್ನ ಓದಿರ್ಲಿಲ್ಲ ಆಂಟಿ. ಇಷ್ಟು ಬರೆದಿದ್ದಾರೆ ಅಂದ್ಮೇಲೆ ಮ್ಯಾನೇಜರು ವಾಪಸ್ ತಗೊಳ್ಳಲ್ಲ. ಕೆಲಸ ಮುಗಿಸಿ ನಾನೇ ಬರ್ತೀನಿ, ಏನಾದ್ರೂ ಮಾಡೋಕಾಗುತ್ತಾ ನೋಡೋಣ."

ಹೇಳಿದಂತೆ ಸಂಜೆ ಕ್ಷೌರದಂಗಡಿಗೆ ಬಂದಳು. ಬೆಂಚಿನ ತುಂಬ ಗಿರಾಕಿಗಳು. ಅವಳು ಏನೇನೋ ಒತ್ತಿ ನೋಡಿ ಕೈಚೆಲ್ಲಿದಳು.

"ಅದಕ್ಕೆ ನಮ್ಮ ಮಾತು ಬರದಿದ್ರೆ ಬೇಡಮ್ಮ," ಅಂದಳು ಹೆಂಡತಿ. "ನಮ್ಮ ದನೀನೇ ಅದರೊಳಗೆ ಹಿಡಿದಿಡೋಕಾಗುತ್ತಾ?"

"ಅದಕ್ಕೇನಂತೆ, ಮೈಕಿದೆಯಲ್ಲ. ಒಂದೊಂದು ಮಾತಿಗೆ ಒಂದೊಂದು ಕೀಲಿ ಇಟ್ಟುಕೊಡ್ತೀನಿ."

ಹೆಂಡತಿ ನಾಚಿಕೊಂಡೇ "ತಲೆ ಸ್ವಲ್ಪ ಬಗ್ಗಿಸಿ" ಅಂದಳು. ರೇಡಿಯೋ ಕೀಲಿ ಒತ್ತಿದ. ಯಂತ್ರ ಅವಳ ದನಿಯಲ್ಲೇ ಹಾಗೆಂದಿತು. ಬೆಂಚಿನ ಮೇಲಿದ್ದವರೆಲ್ಲ ತಲೆ ಬಗ್ಗಿಸಿದರು.

ಕುರ್ಚಿಯಲ್ಲಿ ಅರ್ಧ ಗಡ್ಡದ ನೊರೆಯೊಡನೆ ಕೂತಿದ್ದ ಅಂಚೆಯವನು, "ನಾನೊಂದು ಹೇಳ್ಲಾ?" ಅಂದ. ಗಂಟಲು ಸರಿಮಾಡಿಕೊಂಡು, ಥೇಟ್ ರೇಡಿಯೋನ ಹಾಗೆಯೇ ಎಳೆದು ಹೇಳಿದ. "ಅಲ್ಲಾಡಬೇಡಿ ಸ್ವಾಮೀ, ಕಿವಿ ಬಿದ್ರೆ ನಮ್ಮಲ್ಲಿ ಸ್ಟಾಕ್ ಇಲ್ಲ."

ರೇಡಿಯೋ ಕೈ ತಡೆದು ನಿಂತ. ಅದು ಅವನದೇ ಮಾತು.

ಆಮೇಲೆ ಬೇಕರಿಯವನ ಸರದಿ. "ಕೂದಲು ಉದುರಿದ್ರೆ ಉದುರ್ಲಿ ಬಿಡಿ, ಬಾಚೋ ಕೆಲಸ ಉಳೀತು." ಮೇಷ್ಟ್ರು ಬಂದರು, ಟೈಲರ್ ಬಂದ. ಎಲ್ಲರ ಬಾಯಲ್ಲೂ ಅವನ ತಮಾಷೆಗಳೇ, ಅವನದೇ ರಾಗ. ಯಾರೋ ಒಂದು ಪದ ತಪ್ಪಿದರೆ ಇನ್ನೊಬ್ಬರು ತಿದ್ದುತ್ತಿದ್ದರು. ಕತ್ತಿನ ಮೇಲೆ ಕತ್ತಿ ಇದೆಯಲ್ಲ ಅಂತ ಗಿರಾಕಿಗಳು ಹೂಂಗುಟ್ಟುತ್ತಾರೆ, ಅಷ್ಟೇ ಅಂದುಕೊಂಡಿದ್ದ ಅವನು. ಇವರೆಲ್ಲ ಕೇಳಿಸಿಕೊಂಡಿದ್ದರು, ಮನೆಗೂ ಒಯ್ದಿದ್ದರು. ಅವನು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ. ಹೆಂಡತಿ ಬೇರೆ ಕಡೆ ನೋಡಿದಳು.

ಅಂಗಡಿಗೆ ಮತ್ತೆ ಕಳೆ ಬಂತು. ಕತ್ತರಿ ಆಡಿಸುತ್ತ ಮೊಣಕೈಯಲ್ಲೇ ಕೀಲಿ ಒತ್ತುವುದನ್ನು ರೇಡಿಯೋ ಕಲಿತ.

ಒಮ್ಮೆ ಆ ಹುಡುಗಿ ಕೂದಲು ಕತ್ತರಿಸಲೆಂದು ತಂಗಿಯನ್ನು ಕರೆದುಕೊಂಡು ಬಂದಳು. ಜಾಹೀರಾತಿನ ಬುಡದ ಆ ಪುಟ್ಟ ಸಾಲನ್ನು ಅಂಗೈಯಗಲದ ಅಕ್ಷರದಲ್ಲಿ ಬರೆದು ತಮ್ಮಂಗಡಿಯ ಗಾಜಿಗೆ ಅಂಟಿಸಿದ್ದಾಳಂತೆ. ಮ್ಯಾನೇಜರು ಮುಖ ಊದಿಸಿಕೊಂಡಿದ್ದಾನಂತೆ.

ಅವಳಿಗೆ ಏನಾದರೂ ಹೇಳಬೇಕೆಂದು ರೇಡಿಯೋ ಕೀಲಿಗಳ ಮೇಲೆಲ್ಲ ಕಣ್ಣಾಡಿಸಿದ. ತಮಾಷೆಗಳೇ ತುಂಬಿದ್ದವು, ಬೇಕಾದದ್ದು ಮಾತ್ರ ಇರಲಿಲ್ಲ. ಹೆಂಡತಿಯನ್ನು ಕೂಗಲಾರದೆ ಅಂಗಡಿ ಹಿಂದಿನ ಮನೆಯ ಬಾಗಿಲು ತಟ್ಟಿ ಕರೆದ, ಹುಡುಗಿಯ ಕಡೆ ತೋರಿಸಿ ಎರಡೂ ಕೈ ಎದೆಗೊತ್ತಿಕೊಂಡ.

"ನಿನ್ನ ಉಪಕಾರ ಮರೆಯೋಲ್ಲ ಅಂತಿದ್ದಾರೆ ನಮ್ಮನೆಯವರು," ಅಂದಳು ಹೆಂಡತಿ. "ನಾನೂ ಅಷ್ಟೇ ಕಣಮ್ಮ. ಕೂತ್ಕೊ, ಕಾಫಿ ತರ್ತೀನಿ."